ಒಂದೇ ಪುಸ್ತಕ, ಮನೆತುಂಬ ಜಗಳ: ಸೈಕಲಾಜಿಕಲ್ ಥ್ರಿಲ್ಲರ್ ಓದಿದವರು ಯಾಕೆ ಹೀಗಾಡುತ್ತಾರೆ?

ದಸರಾ ರಜೆಗೆ ಅಕ್ಕನ ಮಗಳು ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬರುವಾಗ ಬ್ಯಾಗಿನಲ್ಲಿ ಒಂದು ಇಂಗ್ಲಿಷ್ ಕಾದಂಬರಿ ಇತ್ತು. ಅಮೆರಿಕದ ಗಿಲಿಯನ್ ಫ್ಲಿನ್ ಬರೆದ ‘ಗಾನ್ ಗರ್ಲ್’. ಅವಳಿಗೆ ಅದು ಸಿಕ್ಕಾಪಟ್ಟೆ ಇಷ್ಟವಾಗಿತ್ತು. “ಮಾಮ, ಟ್ವಿಸ್ಟ್ ನಂಗೆ ಮೊದಲೇ ಗೊತ್ತಾಯ್ತು, ಆದ್ರೂ ಬಿಡೋಕಾಗ್ಲಿಲ್ಲ” ಎಂದಳು. ಅಕ್ಕ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆಗಿ ನಿವೃತ್ತಿಯಾದವಳು. ಎರಡೇ ರಾತ್ರಿಯಲ್ಲಿ ಓದಿ ಮುಗಿಸಿ ಪುಸ್ತಕವನ್ನು ಮಂಚದ ಮೇಲೆ ಎಸೆದಳು. “ಇದೂ ಒಂದು ಕೊನೆಯಾ?” ಭಾವ ಎಂದಿನಂತೆ ಕೊನೆಯ ಪುಟ ಮೊದಲು ಓದಿ, ಆಮೇಲೆ ಆರಾಮಾಗಿ ಮೊದಲಿಂದ ಶುರುಮಾಡಿದರು.

ಒಂದೇ ಪುಸ್ತಕಕ್ಕೆ ಇಷ್ಟು ಬೇರೆ ಬೇರೆ ಪ್ರತಿಕ್ರಿಯೆ ಯಾಕೆ? ಈ ಪ್ರಶ್ನೆ ಈಗ ನಮ್ಮ ಮನೆಗೆ ಮಾತ್ರ ಸೇರಿದ್ದಲ್ಲ. ರೈಲ್ವೆ ಸ್ಟೇಷನ್ನಿನ ಪುಸ್ತಕದಂಗಡಿ ನೋಡಿ, ಫುಟ್‌ಪಾತ್ ರಾಶಿ ನೋಡಿ, ಕಾಲೇಜು ಮಕ್ಕಳ ಫೋನ್ ನೋಡಿ. ಈ ಜಾತಿಯ ಕಾದಂಬರಿಗಳೇ ಜಾಸ್ತಿ. ಫ್ರೀಡಾ ಮೆಕ್‌ಫ್ಯಾಡೆನ್ ಅವರ ‘ದಿ ಹೌಸ್‌ಮೇಡ್’ 2022ರಲ್ಲಿ ಬಂತು, 2025ರ ಡಿಸೆಂಬರ್‌ನಲ್ಲಿ ಸಿನಿಮಾ ಆಯಿತು. ಓದಿದವರು ಸುಮ್ನೆ ಇರುವುದಿಲ್ಲ. ಹೊಗಳುತ್ತಾರೆ, ಇಲ್ಲವೇ ಬೈಯುತ್ತಾರೆ. ಹಾಗೆ ಬೈಸಿಕೊಂಡ, ಹೊಗಳಿಸಿಕೊಂಡ ಪುಸ್ತಕಗಳಲ್ಲಿ ‘ಗಾನ್ ಗರ್ಲ್’ ದೊಡ್ಡಣ್ಣ. ಅದನ್ನೇ ಇಟ್ಟುಕೊಂಡು ನೋಡೋಣ.

ಒಂದು ಎಚ್ಚರಿಕೆ. ಮುಂದೆ ಅದರ ಗುಟ್ಟೆಲ್ಲ ಬಿಚ್ಚುತ್ತೇನೆ. ಓದಬೇಕೆಂದು ಇಟ್ಟುಕೊಂಡವರು ಇಲ್ಲಿಗೇ ನಿಲ್ಲಿಸಿ. ಭಾವನ ಪಂಗಡದವರು ಮುಂದೆ ಬನ್ನಿ.

ಪತ್ತೇದಾರಿ ಬೇರೆ, ಇದು ಬೇರೆ

ನಮ್ಮ ಅಪ್ಪಂದಿರ ಕಾಲದಲ್ಲಿ ಬಾಡಿಗೆ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ತಂದು ಒಂದೇ ದಿನದಲ್ಲಿ ಓದಿ ವಾಪಸ್ ಮಾಡುತ್ತಿದ್ದರು. ಆ ಬಗೆಯ ಕಥೆಯಲ್ಲಿ ಪ್ರಶ್ನೆ ಒಂದೇ: ಮಾಡಿದ್ದು ಯಾರು? ಅಪರಾಧ ಆಗಿಹೋಗಿದೆ. ಪತ್ತೇದಾರ ಬರುತ್ತಾನೆ, ಸುಳಿವು ಹೆಕ್ಕುತ್ತಾನೆ, ಕೊನೆಗೆ ಬೆರಳು ತೋರಿಸುತ್ತಾನೆ. ಓದುಗ ಅವನ ಹಿಂದೆ ಹಿಂದೆ ನಡೆಯುತ್ತಾನೆ.

ಥ್ರಿಲ್ಲರ್‌ನಲ್ಲಿ ಪ್ರಶ್ನೆ ಬೇರೆ: ಮುಂದೇನಾಗುತ್ತದೆ? ಅಪಾಯ ಎದುರಿಗೇ ಬರುತ್ತಿದೆ, ತಪ್ಪಿಸಿಕೊಳ್ಳಬೇಕು.

ಸೈಕಲಾಜಿಕಲ್ ಥ್ರಿಲ್ಲರ್‌ನಲ್ಲಿ ಅಪಾಯ ಹೊರಗಿನಿಂದ ಬರುವುದಿಲ್ಲ. ಮನೆಯೊಳಗೆ ಇರುತ್ತದೆ. ಗಂಡ, ಹೆಂಡತಿ, ಗೆಳತಿ, ಪಕ್ಕದ ಮನೆಯವರು. ಎಷ್ಟೋ ಸಲ ಕಥೆ ಹೇಳುತ್ತಿರುವವರ ತಲೆಯೊಳಗೇ ಇರುತ್ತದೆ. ಇಲ್ಲಿನ ಪ್ರಶ್ನೆ: ಯಾರನ್ನು ನಂಬಲಿ? ಓದುಗ ಇಲ್ಲಿ ಪತ್ತೇದಾರನ ಹಿಂದೆ ನಡೆಯುತ್ತಿಲ್ಲ, ಅವನೇ ಸಿಕ್ಕಿಹಾಕಿಕೊಂಡಿದ್ದಾನೆ. ಪ್ರತಿಕ್ರಿಯೆ ಇಷ್ಟು ಖಾರವಾಗಿ ಬರುವುದು ಅದಕ್ಕೇ.

ಕಥೆ ಇಷ್ಟು

ನಿಕ್ ಮತ್ತು ಏಮಿ ಗಂಡ ಹೆಂಡತಿ. ನ್ಯೂಯಾರ್ಕಿನಲ್ಲಿ ಬರೆಯುವ ಕೆಲಸ ಮಾಡಿಕೊಂಡಿದ್ದವರು. ಕೆಲಸ ಹೋಗುತ್ತದೆ. ಮಿಸೌರಿ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿ ದಡದಲ್ಲಿರುವ ನಿಕ್‌ನ ಹುಟ್ಟೂರಿಗೆ ಬಂದು ನೆಲೆಸುತ್ತಾರೆ. ಮದುವೆಯ ಐದನೇ ವಾರ್ಷಿಕೋತ್ಸವದ ದಿನ ಏಮಿ ಕಾಣೆಯಾಗುತ್ತಾಳೆ. ಎಲ್ಲರ ಕಣ್ಣು ಗಂಡನ ಮೇಲೆ.

ಕಥೆಯನ್ನು ಇಬ್ಬರು ಹೇಳುತ್ತಾರೆ. ಒಂದು ಅಧ್ಯಾಯ ನಿಕ್‌ನದು, ಅವಳು ಕಾಣೆಯಾದ ದಿನದಿಂದ. ಇನ್ನೊಂದು ಏಮಿಯ ಡೈರಿ, ಅವರಿಬ್ಬರು ಮೊದಲು ಭೇಟಿಯಾದ 2005ರಿಂದ. ನಿಕ್ ಪೊಲೀಸರಿಗೆ ಸುಳ್ಳು ಹೇಳುತ್ತಾನೆ. ಎಷ್ಟು ಸುಳ್ಳು ಹೇಳಿದೆ ಎಂದು ತಾನೇ ಲೆಕ್ಕವನ್ನೂ ಕೊಡುತ್ತಾನೆ. ಡೈರಿಯ ಏಮಿಯಾದರೋ ತಮಾಷೆಯವಳು, ಗಂಡನನ್ನು ಪ್ರೀತಿಸುವವಳು, ಬರಬರುತ್ತಾ ಅವನಿಗೆ ಹೆದರುವವಳು.

ಅರ್ಧ ಪುಸ್ತಕ ಮುಗಿಯುವ ಹೊತ್ತಿಗೆ ನೆಲ ಕುಸಿಯುತ್ತದೆ. ಏಮಿ ಬದುಕಿದ್ದಾಳೆ. ಡೈರಿಯನ್ನು ಗಂಡನನ್ನು ಸಿಕ್ಕಿಸಲೆಂದೇ ಕೂತು ಬರೆದಿದ್ದಾಳೆ. ಆಮೇಲೆ ನಿಜವಾಗಿಯೇ ಒಂದು ಕೊಲೆ ನಡೆಯುತ್ತದೆ, ಮಾಡಿದವಳು ಅವಳೇ. ಮಾಡಿ ಮನೆಗೆ ವಾಪಸ್ ಬರುತ್ತಾಳೆ. ಎಲ್ಲ ಗೊತ್ತಿದ್ದೂ ನಿಕ್ ಅವಳ ಜೊತೆಯಲ್ಲೇ ಉಳಿಯುತ್ತಾನೆ. ಜೈಲಿಲ್ಲ, ಶಿಕ್ಷೆಯಿಲ್ಲ. ಮಗು ಹುಟ್ಟುವುದನ್ನು ಕಾಯುತ್ತಾ ಕಥೆ ನಿಲ್ಲುತ್ತದೆ.

2012ರ ಜೂನ್‌ನಲ್ಲಿ ಬಂದ ಈ ಪುಸ್ತಕದ 20 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮೊದಲ ವರ್ಷದಲ್ಲೇ ಹೋದವು ಎಂದು ಪ್ರಕಾಶಕರು ಹೇಳಿದ್ದಾರೆ. 2014ರಲ್ಲಿ ಡೇವಿಡ್ ಫಿಂಚರ್ ಸಿನಿಮಾ ಮಾಡಿದರು. ಚಿತ್ರಕಥೆ ಫ್ಲಿನ್ ಅವರದೇ.

‘ನಾನು’ ಎಂದವರನ್ನು ಸುಲಭವಾಗಿ ನಂಬುತ್ತೇವೆ

ಕಥೆ ಹೇಳುವವರೇ ಸುಳ್ಳು ಹೇಳಿದರೆ, ಮುಚ್ಚಿಟ್ಟರೆ, ಅಥವಾ ತಮಗೇ ಗೊತ್ತಿಲ್ಲದೆ ತಪ್ಪು ಹೇಳಿದರೆ ಅವರನ್ನು ‘ನಂಬಲಾಗದ ನಿರೂಪಕ’ ಎನ್ನುತ್ತಾರೆ. ಈ ಹೆಸರಿಟ್ಟವರು ಅಮೆರಿಕದ ವಿಮರ್ಶಕ ವೇಯ್ನ್ ಬೂತ್, 1961ರಲ್ಲಿ. ಹೆಸರು ಆಮೇಲಿನದು, ಉಪಾಯ ಬಹಳ ಹಳೆಯದು.

ಈ ಉಪಾಯ ಯಾಕೆ ಫಲಿಸುತ್ತದೆ? ವಠಾರದ ನಲ್ಲಿ ಜಗಳ ನೆನಪಿಸಿಕೊಳ್ಳಿ. ಮೊದಲು ಬಂದು ನಿಮ್ಮ ಹತ್ತಿರ ಅತ್ತವರ ಪಕ್ಷಕ್ಕೆ ನೀವು ಹೋಗಿಬಿಟ್ಟಿರುತ್ತೀರಿ. ಎದುರಿನವರು ಸಂಜೆ ಬಂದು ತಮ್ಮ ಕಡೆಯದನ್ನು ಹೇಳುವಷ್ಟರಲ್ಲಿ ನಿಮ್ಮ ಮನಸ್ಸು ತೀರ್ಪು ಕೊಟ್ಟಾಗಿದೆ. 1946ರಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಒಬ್ಬ ವ್ಯಕ್ತಿಯ ಬಗ್ಗೆ ಆರು ಗುಣಗಳ ಪಟ್ಟಿ. ಒಂದು ಗುಂಪಿಗೆ ‘ಬುದ್ಧಿವಂತ, ಶ್ರಮಜೀವಿ’ ಎಂದು ಶುರುವಾಗಿ ‘ಹಠಮಾರಿ, ಹೊಟ್ಟೆಕಿಚ್ಚಿನವ’ ಎಂದು ಮುಗಿಯುವ ಪಟ್ಟಿ ಕೊಟ್ಟರು. ಇನ್ನೊಂದು ಗುಂಪಿಗೆ ಅದನ್ನೇ ತಲೆಕೆಳಗು ಮಾಡಿ ಕೊಟ್ಟರು. ಮೊದಲ ಗುಂಪಿಗೆ ಆ ಮನುಷ್ಯ ಒಳ್ಳೆಯವನಾಗಿ ಕಂಡ. ಎರಡನೆಯದಕ್ಕೆ ಅಷ್ಟು ಹಿಡಿಸಲಿಲ್ಲ. ಗುಣಗಳು ಅವೇ. ಬದಲಾದದ್ದು ಯಾವುದು ಮೊದಲು ಬಂತು ಎನ್ನುವುದು ಮಾತ್ರ.

ಫ್ಲಿನ್ ಇದರ ಮೇಲೆ ಇನ್ನೊಂದು ಪದರ ಇಟ್ಟಿದ್ದಾರೆ. ಏಮಿಯ ಮಾತು ನಮಗೆ ಸಿಗುವುದು ಡೈರಿಯಲ್ಲಿ. ಡೈರಿಯಲ್ಲಿ ಯಾರಾದರೂ ಸುಳ್ಳು ಬರೆಯುತ್ತಾರಾ? ಬೇರೆಯವರು ಓದಬಾರದು ಎಂದೇ ಬರೆಯುವುದಲ್ವಾ? ಅಲ್ಲೇ ನಾವು ಬಿದ್ದೆವು. ಇತ್ತ ನಿಕ್ ‘ಸುಳ್ಳು ಹೇಳಿದೆ’ ಎಂದು ಒಪ್ಪಿಕೊಳ್ಳುತ್ತಾನೆ. ಒಪ್ಪಿಕೊಂಡ ಸುಳ್ಳುಗಾರನನ್ನು ನಾವು ಸಂಶಯದಿಂದ ನೋಡುತ್ತೇವೆ, ಒಪ್ಪಿಕೊಳ್ಳದವಳ ಪುಟಗಳನ್ನು ಸಾಕ್ಷಿ ಎಂದುಕೊಳ್ಳುತ್ತೇವೆ. ಕೈಚಳಕ ಅಂದರೆ ಇದು. ಎಲ್ಲರೂ ಬಲಗೈ ನೋಡುತ್ತಿರುವಾಗ ನಾಣ್ಯ ಎಡಗೈಯಲ್ಲಿ.

ಮೋಸವಾ, ಆಟವಾ?

ಓದುಗರ ಸಿಟ್ಟಿನ ಮೊದಲ ಬಗೆ ಇಲ್ಲಿಂದ ಹುಟ್ಟುತ್ತದೆ. “ಲೇಖಕಿ ನನಗೆ ಮೋಸ ಮಾಡಿದಳು.”

ಈ ದೂರು ನೂರು ವರ್ಷ ಹಳೆಯದು. 1926ರಲ್ಲಿ ಅಗಾಥಾ ಕ್ರಿಸ್ಟಿ ಒಂದು ಕಾದಂಬರಿ ಬರೆದರು. ಅದರಲ್ಲೂ ಕಥೆ ಹೇಳುವವರ ವಿಚಾರದಲ್ಲಿ ಒಂದು ಚಮತ್ಕಾರ ಇತ್ತು. ಪುಸ್ತಕದ ಹೆಸರನ್ನು ಬೇಕಂತಲೇ ಹೇಳುತ್ತಿಲ್ಲ, ಹೇಳಿದರೆ ಅದರ ಗುಟ್ಟೂ ಹೋಗುತ್ತದೆ. ಆಗ ಕೆಲವರು ‘ಇದು ನಿಯಮಬಾಹಿರ’ ಎಂದು ಕೂಗಾಡಿದರು. ಇನ್ನೊಬ್ಬ ಪತ್ತೇದಾರಿ ಲೇಖಕಿ ಡೊರೊತಿ ಸೇಯರ್ಸ್ ಕ್ರಿಸ್ಟಿಯ ಪರ ನಿಂತರು. ಎಲ್ಲರನ್ನೂ ಸಂಶಯಿಸುವುದು ಓದುಗನ ಕೆಲಸ ಎನ್ನುವುದು ಅವರ ವಾದ. 1929ರಲ್ಲಿ ಪಾದ್ರಿಯೂ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗೆಂದೇ ಹತ್ತು ನಿಯಮ ಬರೆದರು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು ಎನ್ನುವುದು ಅದರಲ್ಲೊಂದು.

ಅಂದರೆ ಪುಸ್ತಕ ತೆರೆಯುವಾಗಲೇ ಓದುಗ ಮತ್ತು ಲೇಖಕರ ನಡುವೆ ಒಂದು ಒಪ್ಪಂದ ಆಗಿರುತ್ತದೆ. ಕಾಗದ ಇಲ್ಲ, ಸಹಿ ಇಲ್ಲ. ತೊಂದರೆ ಏನೆಂದರೆ, ಒಪ್ಪಂದದಲ್ಲಿ ಏನಿದೆ ಎಂದು ಒಬ್ಬೊಬ್ಬ ಓದುಗ ಒಂದೊಂದು ಥರ ಅಂದುಕೊಂಡಿರುತ್ತಾನೆ. ಇಸ್ಪೀಟಿಗೆ ಕೂತವನಿಗೆ ಎದುರಿನವನು ಎಲೆ ಮುಚ್ಚಿಕೊಂಡರೆ ಸಿಟ್ಟು ಬರುವುದಿಲ್ಲ. ಅದು ಆಟ. ಆದರೆ ಕಷ್ಟಸುಖ ಹೇಳಿಕೊಳ್ಳಲು ಕೂತವನಿಗೆ ಎದುರಿನವನ ಕೈಯಲ್ಲಿ ಎಲೆ ಕಂಡರೆ ಹೇಗಾದೀತು? ಅಕ್ಕನ ಮಗಳು ಇಸ್ಪೀಟಿಗೆ ಕೂತಿದ್ದಳು. ಅಕ್ಕ ಏಮಿಯ ಕಷ್ಟ ಕೇಳಲು ಕೂತಿದ್ದಳು. ಇನ್ನುಳಿದ ಜಗಳಗಳೂ ಬಹುಪಾಲು ಇದರ ಕವಲುಗಳೇ ಎಂದು ನನಗನ್ನಿಸುತ್ತದೆ.

ಸಸ್ಪೆನ್ಸ್ ಮತ್ತು ಆಶ್ಚರ್ಯ

ಇವೆರಡನ್ನೂ ಒಂದೇ ಎನ್ನುವವರಿದ್ದಾರೆ. ಅಲ್ಲ. ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಇದನ್ನು ಮೇಜಿನ ಕೆಳಗಿರುವ ಬಾಂಬಿನ ಉದಾಹರಣೆ ಕೊಟ್ಟು ಹೇಳುತ್ತಿದ್ದರು. ನಾವು ಅದನ್ನು ಮದುವೆ ಪಂಕ್ತಿಗೆ ತರೋಣ. ಎಲ್ಲರೂ ಉಣ್ಣುತ್ತಿದ್ದಾರೆ, ಥಟ್ಟನೆ ಯಾರೋ ‘ಸಾರಲ್ಲಿ ಹಲ್ಲಿ!’ ಎಂದು ಕೂಗಿದರು. ಇದು ಆಶ್ಚರ್ಯ, ಒಂದು ಕ್ಷಣದ್ದು. ಈಗ ಇನ್ನೊಂದು ಥರ. ಸಾರಿನ ಕೊಳಗಕ್ಕೆ ಹಲ್ಲಿ ಬಿದ್ದಿದ್ದನ್ನು ನೀವೊಬ್ಬರೇ ನೋಡಿದ್ದೀರಿ. ಬಡಿಸುವವನು ಸೌಟು ಹಿಡಿದು ಪಂಕ್ತಿಯ ಆ ತುದಿಯಿಂದ ಬರುತ್ತಿದ್ದಾನೆ. ನಿಮ್ಮ ಅಜ್ಜಿ ಅನ್ನದಲ್ಲಿ ಗುಳಿ ಮಾಡಿಕೊಂಡು ಕಾಯುತ್ತಿದ್ದಾಳೆ. ಇದು ಸಸ್ಪೆನ್ಸ್.

‘ಗಾನ್ ಗರ್ಲ್’ನ ಮೊದಲರ್ಧ ಆಶ್ಚರ್ಯಕ್ಕೆ ತಯಾರಿ. ಗುಟ್ಟು ಬಿಟ್ಟುಕೊಟ್ಟ ಮೇಲೆ ಪೂರ್ತಿ ಸಸ್ಪೆನ್ಸ್. ಏಮಿ ಏನು ಮಾಡಿದ್ದಾಳೆ ಎಂದು ನಮಗೆ ಗೊತ್ತು, ಊರಿಗೆ ಗೊತ್ತಿಲ್ಲ. ಟ್ವಿಸ್ಟ್ ಕೊನೆಯಲ್ಲಿ ಬರಬೇಕು ಎಂದುಕೊಂಡವರಿಗೆ ‘ಅರ್ಧಕ್ಕೇ ಎಲ್ಲ ಹೇಳಿಬಿಟ್ಟರು, ಇನ್ನೇನಿದೆ’ ಅನ್ನಿಸುತ್ತದೆ. ಅಲ್ಲೇ ಬಿಟ್ಟವರೂ ಉಂಟು.

ಕೊನೆಗೆ ಯಾಕೆ ಅಷ್ಟು ಸಿಟ್ಟು?

ಈ ಪುಸ್ತಕದ ಬಗ್ಗೆ ಅತಿ ಹೆಚ್ಚು ಬೈಗುಳ ಬಿದ್ದದ್ದು ಕೊನೆಯ ಪುಟಗಳಿಗೆ. ಇದಕ್ಕೆ ಒಂದು ಕಾರಣ ಮೈಯಲ್ಲೇ ಇದೆ.

ಹೆದರಿಕೆಯ ದೃಶ್ಯ ಓದುವಾಗ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಉಸಿರು ಬಿಗಿಯುತ್ತದೆ. ದೃಶ್ಯ ಮುಗಿದರೂ ಈ ಕಾವು ತಕ್ಷಣ ಇಳಿಯುವುದಿಲ್ಲ. ಒಲೆ ಆರಿಸಿದ ಮೇಲೂ ಹಂಚು ಬಿಸಿಯಾಗಿಯೇ ಇರುತ್ತದಲ್ಲ, ಹಾಗೆ. ಮುಂದೆ ಬರುವ ಭಾವನೆ ಯಾವುದೇ ಇರಲಿ, ಉಳಿದ ಕಾವಿನಲ್ಲಿ ಅದೂ ದೊಡ್ಡದಾಗಿ ಬೇಯುತ್ತದೆ. 1970ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಡಾಲ್ಫ್ ಜಿಲ್‌ಮನ್ ಬೆಳೆಸಿದ ಸಿದ್ಧಾಂತ ಇದು. ಕಥೆ ಒಳ್ಳೆಯದಾಗಿ ಮುಗಿದರೆ ಸುಮಾರಾದ ಸಮಾಧಾನವೂ ದೊಡ್ಡ ಸಂತೋಷವಾಗುತ್ತದೆ. ಮುಗಿಯದಿದ್ದರೆ? ಅದೇ ಕಾವು ಕಿರಿಕಿರಿಯನ್ನು ಸಿಟ್ಟು ಮಾಡುತ್ತದೆ. ಪುಸ್ತಕ ಮಂಚದ ಮೇಲೆ ಬೀಳುತ್ತದೆ.

ಎರಡನೆಯದು ನ್ಯಾಯದ ಲೆಕ್ಕ. ಕೆಟ್ಟವರಿಗೆ ಶಿಕ್ಷೆಯಾಗಬೇಕು ಎನ್ನುವ ನಿರೀಕ್ಷೆ ಹರಿಕಥೆ, ಯಕ್ಷಗಾನ ನೋಡಿ ಬೆಳೆದ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಓದುಗರೂ ಅದನ್ನೇ ಕೇಳಿದರು. ಸಿನಿಮಾಕ್ಕೆ ಬೇರೆ ಕೊನೆ ಬರುತ್ತದಂತೆ ಎಂದು ಸುದ್ದಿ ಹಬ್ಬಿದಾಗ ಸಂತೋಷಪಟ್ಟವರಿದ್ದರು. ನೋಡಿದರೆ ಕೊನೆ ಹೆಚ್ಚುಕಮ್ಮಿ ಅದೇ.

ಮೂರನೆಯದು ಸ್ವಭಾವ. ಕೆಲವರಿಗೆ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರ ಬೇಕೇ ಬೇಕು, ನಡುವೆ ನೇತಾಡಲು ಆಗುವುದಿಲ್ಲ. ಇನ್ನು ಕೆಲವರಿಗೆ ನೇತಾಡುವುದೇ ಖುಷಿ. ಆರಿ ಕ್ರುಗ್ಲಾನ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಅಳೆಯಲು 1990ರ ದಶಕದಲ್ಲಿ ಪ್ರಶ್ನಾವಳಿಯನ್ನೇ ತಯಾರಿಸಿದ್ದರು. ಅಕ್ಕ ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುವವಳು. ಹೆಚ್ಚು ಹೇಳಬೇಕಿಲ್ಲ.

“ನಂಗೆ ಮೊದಲೇ ಗೊತ್ತಿತ್ತು”

ಥ್ರಿಲ್ಲರ್ ಓದಿದ ನಾಲ್ಕು ಜನ ಸೇರಿದರೆ ಒಬ್ಬರಾದರೂ ಈ ಮಾತು ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಎಷ್ಟೋ ಸಲ ಅವರ ನೆನಪೇ ಅವರಿಗೆ ಸುಳ್ಳು ಹೇಳುತ್ತಿರುತ್ತದೆ.

1975ರಲ್ಲಿ ಬರೂಕ್ ಫಿಶ್‌ಹಾಫ್ ಎಂಬ ಸಂಶೋಧಕರು ಇದನ್ನು ಪರೀಕ್ಷಿಸಲು ಆರಿಸಿಕೊಂಡದ್ದು ನಮ್ಮ ಕಡೆಯದೇ ಒಂದು ಯುದ್ಧವನ್ನು. 1814ರಲ್ಲಿ ಬ್ರಿಟಿಷರಿಗೂ ಗೂರ್ಖರಿಗೂ ನಡೆದದ್ದು. ಓದುವವರಿಗೆ ಅದರ ಹಿನ್ನೆಲೆ ಕೊಟ್ಟರು. ಬ್ರಿಟಿಷರು ಗೆದ್ದರು ಎಂದು ಒಂದು ಗುಂಪಿಗೆ, ಗೂರ್ಖರು ಗೆದ್ದರು ಎಂದು ಇನ್ನೊಂದಕ್ಕೆ, ಯಾರೂ ಗೆಲ್ಲಲಿಲ್ಲ ಎಂದು ಮತ್ತೊಂದಕ್ಕೆ ಹೇಳಿದರು. ‘ಫಲಿತಾಂಶ ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂದು ಊಹಿಸುತ್ತಿದ್ದಿರಿ?’ ಎಂದು ಕೇಳಿದಾಗ, ತಮಗೆ ಹೇಳಿದ ಫಲಿತಾಂಶವೇ ಆಗುವ ಸಾಧ್ಯತೆ ಜಾಸ್ತಿ ಇತ್ತು ಎನ್ನುವ ಕಡೆಗೇ ಜನ ವಾಲಿದರು. ಉತ್ತರ ಸಿಕ್ಕ ಮೇಲೆ ಹಳೆಯ ಸುಳಿವುಗಳೆಲ್ಲ ಆ ಉತ್ತರದ ಕಡೆಗೇ ಮುಖ ಮಾಡಿ ನಿಲ್ಲುತ್ತವೆ. ಕ್ರಿಕೆಟ್ ಮ್ಯಾಚ್ ಮುಗಿದ ಮೇಲೆ ಎಲ್ಲರೂ ಕ್ಯಾಪ್ಟನ್ ಆಗುವುದು ಹೀಗೇ.

ಒಳ್ಳೆಯ ಟ್ವಿಸ್ಟ್‌ಗೂ ಇದೇ ಬೇಕು. ಓದುಗ ಬೆಚ್ಚಿಬೀಳಬೇಕು, ಮರುಕ್ಷಣವೇ ‘ಛೇ, ಕಣ್ಣೆದುರೇ ಇತ್ತಲ್ಲ’ ಅನ್ನಬೇಕು. ಮೊದಲನೆಯದು ಮಾತ್ರ ಆದರೆ ಅದು ಆಕಾಶದಿಂದ ಬಿದ್ದ ಟ್ವಿಸ್ಟ್. ಎರಡನೆಯದು ಮಾತ್ರ ಆದರೆ ಸಪ್ಪೆ. ಅಕ್ಕನ ಮಗಳಿಗೆ ನಿಜವಾಗಿ ಮೊದಲೇ ಗೊತ್ತಾಗಿತ್ತೋ ಇಲ್ಲವೋ, ಕೇಳಿದರೆ ಜಗಳವಾದೀತು, ಕೇಳಿಲ್ಲ.

ಕೊನೆಯ ಪುಟ ಮೊದಲು ಓದುವವರು

ಗುಟ್ಟು ಮೊದಲೇ ಹೇಳಿಬಿಡುವುದಕ್ಕೆ ಈಗ ‘ಸ್ಪಾಯ್ಲರ್’ ಎಂಬ ಮಾತು ಚಾಲ್ತಿಯಲ್ಲಿದೆ. ಸ್ಪಾಯ್ಲರ್ ಕೊಟ್ಟರೆ ಕಥೆ ಹಾಳಾಗುತ್ತದಾ? 2011ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದಲ್ಲಿ ಜೊನಾಥನ್ ಲೀವಿಟ್ ಮತ್ತು ನಿಕೊಲಸ್ ಕ್ರಿಸ್ಟೆನ್‌ಫೆಲ್ಡ್ ಎಂಟುನೂರಕ್ಕೂ ಹೆಚ್ಚು ಜನರಿಂದ 12 ಸಣ್ಣ ಕಥೆಗಳನ್ನು ಓದಿಸಿದರು. ಕೊನೆ ಮೊದಲೇ ತಿಳಿದು ಓದಿದವರಿಗೆ ಕಥೆ ಇನ್ನೂ ಸ್ವಲ್ಪ ಹೆಚ್ಚೇ ಇಷ್ಟವಾಗಿತ್ತು. ಆಮೇಲೆ ಬೇರೆಯವರು ಮಾಡಿದ ಕೆಲವು ಅಧ್ಯಯನಗಳಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶವೂ ಬಂತು. ಹಾಗಾಗಿ ಭಾವ ‘ವಿಜ್ಞಾನ ನನ್ನ ಕಡೆ ಇದೆ’ ಎಂದು ಬೀಗುವಂತಿಲ್ಲ.

ಆದರೆ ಅವರ ಅನುಭವ ಯಾಕೆ ಬೇರೆ ಎನ್ನುವುದು ಸುಲಭ. ಅವರಿಗೆ ಇಡೀ ಪುಸ್ತಕ ಸಾರಿನ ಕೊಳಗದ ಹಲ್ಲಿಯೇ. ನಾವೆಲ್ಲ ನಿಕ್‌ನನ್ನು ಸಂಶಯಿಸುತ್ತಿದ್ದ ಪುಟಗಳಲ್ಲಿ ಅವರು ಡೈರಿ ಬರೆಯುತ್ತಿರುವ ಕೈಯನ್ನು ನೋಡುತ್ತಿದ್ದರು.

ಏಮಿಯಂಥವಳನ್ನು ಬರೆಯಬಹುದಾ?

ಇನ್ನೊಂದು ಬಗೆಯ ಪ್ರತಿಕ್ರಿಯೆ ಕಥೆಯ ಹೊರಗಿನದು. ಸುಳ್ಳು ಆರೋಪ ಹೊರಿಸುವ ಹೆಂಗಸನ್ನು ಹೀಗೆ ಚಿತ್ರಿಸಿದರೆ, ನಿಜವಾಗಿ ಹೊಡೆತ ತಿಂದು ದೂರು ಕೊಡುವವರನ್ನು ಯಾರು ನಂಬುತ್ತಾರೆ? ಇದು ಸ್ತ್ರೀದ್ವೇಷದ ಪುಸ್ತಕ ಎಂದು ಹಲವರು ಬರೆದರು. ಫ್ಲಿನ್ ಕೊಟ್ಟ ಉತ್ತರದ ತಿರುಳು: ಗಂಡಸರ ಪಾತ್ರ ಎಷ್ಟು ಬೇಕಾದರೂ ಕೆಟ್ಟದಾಗಿರಬಹುದು, ಹೆಂಗಸರು ಮಾತ್ರ ಒಳ್ಳೆಯವರೇ ಆಗಿರಬೇಕಾ? ತಮಾಷೆಯೆಂದರೆ, ಅದೇ ಪುಸ್ತಕದ ಒಂದು ಭಾಗವನ್ನು ಹೆಂಗಸರೇ ಅತಿ ಹೆಚ್ಚು ಹಂಚಿಕೊಂಡರು. ಗಂಡಸರಿಗೆ ಇಷ್ಟವಾಗಲೆಂದು ಯಾವುದಕ್ಕೂ ಸಿಟ್ಟು ಮಾಡಿಕೊಳ್ಳದ ‘ಕೂಲ್’ ಹುಡುಗಿಯ ವೇಷ ಹಾಕುವುದರ ಬಗ್ಗೆ ಏಮಿ ಸಿಡಿಯುವ ಭಾಗ ಅದು. ಕೊಲೆಗಾರ್ತಿ ಹೇಳಿದರೂ ಮಾತು ನಿಜ ಅನ್ನಿಸಿತು. ಇದು ಓದುಗರನ್ನು ಇನ್ನೂ ಗೊಂದಲಕ್ಕೆ ದೂಡಿತು.

ಕನ್ನಡದ ಓದುಗರಿಗೆ ಇಲ್ಲಿ ಒಂದು ತೊಡಕು ಜಾಸ್ತಿ. ‘ಮನೋವೈಜ್ಞಾನಿಕ ಕಾದಂಬರಿ’ ಎಂದರೆ ನಮಗೆ ನೆನಪಾಗುವುದು ತ್ರಿವೇಣಿ. ‘ಶರಪಂಜರ’ದ ಕಾವೇರಿ ಬಾಣಂತನದ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು, ವಾಸಿಯಾಗಿ ಮನೆಗೆ ಬಂದರೂ ಮನೆಯವರ ಸಂಶಯ ಅವಳನ್ನು ಬಿಡುವುದಿಲ್ಲ. ಪುಟ್ಟಣ್ಣ ಕಣಗಾಲ್ ಅದನ್ನು 1971ರಲ್ಲಿ ತೆರೆಗೆ ತಂದಾಗ ಕಲ್ಪನಾ ಆ ಪಾತ್ರ ಮಾಡಿದರು. ಅಲ್ಲಿ ‘ಮನಸ್ಸು’ ಎಂದರೆ ಮರುಕದಿಂದ ನೋಡಬೇಕಾದದ್ದು. ಈ ಥ್ರಿಲ್ಲರ್‌ಗಳಲ್ಲಿ ಮನಸ್ಸು ಒಂದು ಆಯುಧ. ಕೆಲವು ಪುಸ್ತಕಗಳಂತೂ ‘ಅವಳಿಗೆ ತಲೆ ಕೆಟ್ಟಿತ್ತು’ ಎನ್ನುವುದನ್ನೇ ಟ್ವಿಸ್ಟ್ ಮಾಡಿ ಕೈತೊಳೆದುಕೊಳ್ಳುತ್ತವೆ. ಮನೆಯಲ್ಲಿ ಅಂಥ ಕಾಯಿಲೆಯನ್ನು ಹತ್ತಿರದಿಂದ ನೋಡಿದವರು ಇದನ್ನು ಓದಿ ನೊಂದುಕೊಂಡರೆ, ಅದು ಪುಸ್ತಕ ಅರ್ಥವಾಗದ್ದರಿಂದ ಅಲ್ಲ. ಈ ದೂರಿನಲ್ಲಿ ಹುರುಳಿದೆ. ಏಮಿಯ ವಿಷಯ ಸ್ವಲ್ಪ ಬೇರೆ: ಅವಳಿಗೆ ಇಂಥ ಕಾಯಿಲೆ ಎಂದು ಹೆಸರಿಟ್ಟು ಕಾದಂಬರಿ ಜಾರಿಕೊಳ್ಳುವುದಿಲ್ಲ.

ಕೊಲೆಯೇ ಕಾಣದ ಕಥೆಯಲ್ಲೂ

ಹೇಳುವವರನ್ನು ನಂಬಬೇಕೋ ಬೇಡವೋ ಎಂಬ ಆಟಕ್ಕೆ ಥ್ರಿಲ್ಲರ್ರೇ ಬೇಕೆಂದಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಓದಿದವರಿಗೆ ಇದು ಗೊತ್ತು. 2013ರಲ್ಲಿ ಬಂದ ಆ ನೀಳ್ಗತೆಯಲ್ಲಿ ಕಾಫಿ ಹೌಸ್‌ನಲ್ಲಿ ಕೂತ ಒಬ್ಬ ತನ್ನ ಮನೆಯವರ ಕಥೆ ಹೇಳುತ್ತಾನೆ. ಮೆತ್ತಗಿನ ಮನುಷ್ಯ. ಸುಳ್ಳೇನೂ ಹೇಳುವುದಿಲ್ಲ. ಆದರೆ ಏನನ್ನು ಹೇಳದೆ ಬಿಡುತ್ತಿದ್ದಾನೆ ಎಂಬ ದಿಗಿಲು ಪುಟ ತಿರುಗಿಸಿದಂತೆ ಬೆಳೆಯುತ್ತದೆ. ಕೊನೆಯಲ್ಲಿ ನಡೆದದ್ದೇನು ಎಂದು ಲೇಖಕರು ಬಿಡಿಸಿ ಹೇಳುವುದಿಲ್ಲ. ಅಕ್ಕನಿಗೆ ಆ ಕೊನೆ ಬಹಳ ಇಷ್ಟ. ‘ಗಾನ್ ಗರ್ಲ್’ನ ಕೊನೆಗೆ ಬೈದವಳು ಇದಕ್ಕೆ ಯಾಕೆ ಬೈಯಲಿಲ್ಲ ಎಂದು ಕೇಳಿದೆ. “ಅಲ್ಲಿ ಪತ್ತೆ ಮಾಡಿಕೊಡ್ತೀನಿ ಅಂತ ಯಾರೂ ಹೇಳಿರ್ಲಿಲ್ಲವಲ್ಲ” ಎಂದಳು. ಒಪ್ಪಂದ ಬೇರೆ, ಹಾಗಾಗಿ ಸಿಟ್ಟಿಲ್ಲ.

ಹೋದ ವಾರ ಅವಳ ಫೋನ್ ಬಂತು. ಮಂಚದ ಮೇಲೆ ಎಸೆದ ಪುಸ್ತಕವನ್ನೇ ಮತ್ತೆ ಮೊದಲಿಂದ ಹಿಡಿದಿದ್ದಾಳಂತೆ, ಕೈಯಲ್ಲಿ ಪೆನ್ಸಿಲ್. ಮೇಡಂ ಬುದ್ಧಿ, ಏಮಿಯ ಸುಳ್ಳಿಗೆಲ್ಲ ಅಡಿಗೆರೆ ಹಾಕುತ್ತಿದ್ದಾಳೆ. ಎಷ್ಟು ಸಿಕ್ಕವು ಎಂದು ಕೇಳಿದೆ.

“ಸುಮಾರು ಸಿಕ್ಕಿವೆ” ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲ ಸುಳ್ಳು ಅಂತ ಗೊತ್ತಿದ್ದೂ ಡೈರಿ ಓದ್ತಾ ಓದ್ತಾ ಪಾಪ ಅನ್ಸುತ್ತೆ ಕಣೋ” ಎಂದಳು.